ಮೌಸ್ ಹಿಡಿದು ಬಸ್ ನಿಲ್ಲಿಸಲು ಹೊರಟವರು

ಪೌರನೀತಿ ಕಲಿಸುವ ಮಾಸ್ತರನಿಗೆ ನಗೆಯ ಬರ ಎಂದೂ ಬೀಳುವುದಿಲ್ಲ. ಪುಸ್ತಕದಲ್ಲಿ ಪ್ರಜಾಪ್ರಭುತ್ವ ನೆಟ್ಟಗೆ ಕೂತಿರುತ್ತದೆ. ಹುಡುಗರ ಕೈಗೆ ಕೊಟ್ಟಿರೋ, ಏನಾದರೊಂದು ಆಗಿಯೇ ತೀರುತ್ತದೆ.

ಬೆಳಗಾವಿಗೆ ಇಂಟರ್‌ನೆಟ್ ಹೊಸದಾಗಿ ಬಂದಿದ್ದ ಕಾಲ. ಖಾನಾಪುರದ ನಮ್ಮ ಸಾಲೆಗೆ ಒಂದು ಪ್ರಾಜೆಕ್ಟ್ ಬಂತು: ಊರಿನ ಸಮಸ್ಯೆಯೊಂದನ್ನು ಇಂಟರ್‌ನೆಟ್ ಬಳಸಿ ಬಗೆಹರಿಸಬೇಕು. ಸಮಸ್ಯೆ ಹುಡುಕಲು ದೂರ ಹೋಗಬೇಕಿರಲಿಲ್ಲ. ಸಾಲೆ ಬೆಳಗಾವಿ ರಸ್ತೆಗೇ ಇದ್ದರೂ ಬಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ. ಹಳ್ಳಿಯ ಮಕ್ಕಳು ಸಾಲೆಯನ್ನು ಕಿಟಕಿಯಲ್ಲಿ ನೋಡುತ್ತಲೇ ಮುಂದೆ ಹೋಗಿ, ಸ್ಟ್ಯಾಂಡಿನಲ್ಲಿ ಇಳಿದು, ಅಷ್ಟು ದೂರ ವಾಪಸ್ ನಡೆಯಬೇಕು. ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳ ಅಪ್ಪ, ಕುರಿ ಸಾಕುವವನು, ಖಡಾಖಂಡಿತ ಹೇಳಿಬಿಟ್ಟಿದ್ದ: "ಬಸ್ ಸಾಲಿ ಮುಂದ ನಿಂತ್ರ ಹತ್ತನೇತ್ತಾ ಕಲೀಲಿ. ಇಲ್ಲಾಂದ್ರ ಸಾಲಿ ಬಿಡಸ್ತೀನ್ರಿ ಮಾಸ್ತರ. ಹೆಣ್ಣ ಹುಡುಗಿ, ದಿನಾ ಒಬ್ಬಾಕಿನ ನಡ್ಕೊಂಡ ಬರೂದು ಬ್ಯಾಡ."

ಓದಿನಲ್ಲಿ ಚುರುಕಾದ ಆ ಹುಡುಗಿಯನ್ನೇ ಪ್ರಾಜೆಕ್ಟಿನ ಲೀಡರ್ ಮಾಡಿದೆ. ಸೋತರೆ ಹೋಗುವುದು ಅವಳ ಹತ್ತನೇ ಇಯತ್ತೆ.

೧. ಎಲ್ಲರೂ ಕ್ಷೇಮ

ಶನಿವಾರ ಮಕ್ಕಳನ್ನು ಕಟ್ಟಿಕೊಂಡು ಬೆಳಗಾವಿಯ ಅನಗೋಳದ ಒಂದು ಸೈಬರ್ ಕೆಫೆಗೆ ಹೋದೆ. ಚಪ್ಪಲಿ ಹೊರಗೆ, ಭಕ್ತಿ ಒಳಗೆ. ಕೆಫೆಯ ಮಾಲೀಕರು ಪ್ರಾಜೆಕ್ಟಿಗೆಂದು ಒಂದು ಪುಟ ಮಾಡಿಕೊಟ್ಟು, "ನಿಮ್ಮ ತೊಂದ್ರಿ ಇಲ್ಲಿ ಬರೀರಿ, ಜಗತ್ತs ಓದತೈತಿ" ಎಂದರು.

ನಮ್ಮ ಮಕ್ಕಳಿಗೆ ಪತ್ರಲೇಖನ ಕಲಿಸಿದವರು ಕನ್ನಡ ಮಾಸ್ತರರು, ಬಲು ಶಿಸ್ತಿನವರು. ಮಕ್ಕಳು ಒಂದೊಂದೇ ಅಕ್ಷರ ಹುಡುಕಿ, ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಕುಟ್ಟತೊಡಗಿದರು. ಜಗತ್ತಿಗೆ ನಮಸ್ಕಾರ. ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ತಿಳಿಸಿ. ಮನೆಯಲ್ಲಿ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ಅಷ್ಟರಲ್ಲಿ ಕೆಫೆಯಲ್ಲಿ ನಮ್ಮ ಪಾಲಿನ ತಾಸು ಮುಗಿಯಿತು.

ಬಸ್ಸಿನ ಸುದ್ದಿ ಜಗತ್ತಿಗೆ ಮುಟ್ಟಲಿಲ್ಲ. ಖಾನಾಪುರದಲ್ಲಿ ಯಾರಿಗೂ ಏನೂ ತೊಂದರೆ ಇಲ್ಲ ಎಂಬುದು ಮಾತ್ರ ಮುಟ್ಟಿತು.

೨. ಶಾಯಿ ಹತ್ತದ ಬೆರಳು

ಮುಂದಿನ ಶನಿವಾರ ಮತದಾನ. 'ಸಾಲೆಯ ಮುಂದೆ ಬಸ್ ನಿಲ್ಲಬೇಕೆ?' ಎಂಬ ಪ್ರಶ್ನೆ, ಹೌದು ಅಥವಾ ಇಲ್ಲ ಒತ್ತಿದರೆ ಆಯಿತು. ಚುನಾವಣೆಯ ಪಾಠವನ್ನು ನಾನೇ ರಸವತ್ತಾಗಿ ಮಾಡಿದ್ದೆ, ಅದರ ಫಲ ಅಲ್ಲೇ ಉಂಡೆ. ಮಕ್ಕಳು ಶಾಯಿ ಬಾಟಲಿ ತಂದಿದ್ದರು. ಒತ್ತಿದವರ ಎಡಗೈ ಬೆರಳಿಗೆಲ್ಲ ಗುರುತು.

ಮೊದಲ ಮತ ಲೀಡರ್ ಹುಡುಗಿಯದು. ಎರಡನೆಯದು ಸಂತೆಗೆ ಬಂದಿದ್ದ ಅವಳ ಅಪ್ಪನದು. ರುಮಾಲು ಸರಿಮಾಡಿಕೊಂಡು ಒತ್ತಿದ. ಪರದೆಯ ಮೇಲೆ ಬಂದದ್ದನ್ನು ಮಗಳು ಓದಿದಳು: "ಅಪ್ಪಾ, ನಿಂದು ಓಟ್ ಮೊದಲs ಆಗೇತಂತ."

ಅಪ್ಪ ಕೆರಳಿದ. ಬೆರಳು ಎತ್ತಿ ಎಲ್ಲರಿಗೂ ತೋರಿಸಿದ. "ನೋಡ್ರಿ, ಶಾಯಿ ಹತ್ತಿಲ್ಲ! ನನ್ನ ಓಟ್ ಹಾಕಿದ ಕಳ್ಳ ಯಾವಂವ?"

ಮಾಲೀಕರು ಓಡಿ ಬಂದರು. "ಕಳ್ಳ ಯಾರೂ ಇಲ್ರೀ ಕಾಕಾ. ಒಂದ ಕಂಪ್ಯೂಟರಿಗೆ ಒಂದs ಓಟು."

ಅಪ್ಪ ಕಂಪ್ಯೂಟರನ್ನು ಮೇಲಿಂದ ಕೆಳಗೆ ನೋಡಿದ. "ಮನಷ್ಯಾರಿಗೆ ಇಲ್ಲ, ಪೆಟ್ಟಿಗಿಗೆ ಓಟ್ ಐತಿ? ಇದಕ್ಕ ಹದಿನೆಂಟ ತುಂಬೇತೇನ?"

೩. ಸಾಹೇಬರು ಪರದೆಗೆ ಬಂದರು

ಹೊಸದಾಗಿ ಬಂದಿದ್ದ ಬಸ್ಸಿನ ಸಾಹೇಬರಿಗೆ ಕಂಪ್ಯೂಟರಿನ ಹುಚ್ಚು ಎಂದು ಕೇಳಿ ಇ-ಮೇಲ್ ಹಾಕಿದೆವು. ಮಹಾಂತೇಶ ನಗರದ ತಮ್ಮ ಮನೆಯಿಂದಲೇ ಚಾಟ್‌ಗೆ ಬರುತ್ತೇನೆಂದು ಅವರು ಒಪ್ಪಿದರು.

ಶನಿವಾರ ಪರದೆಯ ಮೇಲೆ ಅವರ ಹೆಸರು ಮೂಡಿತು. ಮಕ್ಕಳೆಲ್ಲ ಧಡಕ್ಕನೆ ಎದ್ದು, "ನಮಸ್ಕಾರ್ರೀ ಸರ್!" ಎಂದು ಒದರಿದರು. ಆ ಸದ್ದಿಗೆ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗರೂ ಎದ್ದು ನಿಂತರು.

ಪರದೆಯ ಮೇಲೆ, 'ಹಲೋ? ಯಾರಾದರೂ ಇದ್ದೀರಾ?'

"ಕುಂದರ್ರಿ, ಉತ್ತರಾ ಬರೀರಿ" ಎಂದೆ.

ಲೀಡರ್ ನನಗೇ ಪಾಠ ಹೇಳಿದಳು: "ನೀವು ಹೇಳಿದ್ರ ಹೆಂಗ್ರೀ ಸರ್? ಸಾಹೇಬ್ರು ಹೇಳ್ಬೇಕಲ್ರಿ." ನಿಂತಲ್ಲೇ ಬಗ್ಗಿ, 'ಸರ್, ನಾವು ಕುಂದರಬಹುದೇನ್ರಿ?' ಎಂದು ಕುಟ್ಟಿದಳು.

ತುಸು ಹೊತ್ತಿನ ಮೇಲೆ ಉತ್ತರ ಬಂತು. 'ಅಯ್ಯೋ, ಕುಂದರ್ರಿ ಕುಂದರ್ರಿ.' ಎಲ್ಲರೂ ಒಮ್ಮೆಲೇ ಕೂತರು. ಆ ಗಡಿಬಿಡಿಯಲ್ಲಿ ಯಾರದೋ ಕಾಲು ತಾಗಿ ವೈರು ಕಿತ್ತು, ಸಾಹೇಬರು ಮಾಯವಾದರು. ಅಂದಿನ ಹೋರಾಟದಲ್ಲಿ ನಮಗೆ ಸಿಕ್ಕದ್ದು ಕುರ್ಚಿ ಮಾತ್ರ.

೪. ಖುದ್ದು ಸಾಹೇಬರು

ಮಕ್ಕಳು ಎಲ್ಲಿ ಹೋದರೆಂದು ಸಾಹೇಬರಿಗೇ ಚಿಂತೆ ಹತ್ತಿತು. ಸೋಮವಾರ ಯಾರಿಗೂ ಹೇಳದೆ ಸಾದಾ ಬಸ್ಸು ಹತ್ತಿ ಹೊರಟರು. ಅದೇ ಬಸ್ಸಿನಲ್ಲಿದ್ದ ಲೀಡರ್ ಹುಡುಗಿ ಕಂಡದ್ದನ್ನು ಹೇಳುತ್ತೇನೆ. ಸಾಲೆ ಬಂದಾಗ ಸಾಹೇಬರು ಎದ್ದರಂತೆ.

"ಇಲ್ಲಿ ನಿಲ್ಲಸ್ರಿ."

"ಸ್ಟಾಪ್ ಇಲ್ರಿ" ಎಂದ ಕಂಡಕ್ಟರ್. "ಸಾಹೇಬ್ರ ಆರ್ಡರ್ ಬೇಕು."

"ನಾನs ಆ ಸಾಹೇಬ."

"ಹೌದೇನ್ರಿ? ಮುಂಜಾನಿಂದ ನೀವು ಮೂರನೇ ಸಾಹೇಬ್ರು. ಚಲಾ, ಪುಢೇ ಚಲಾ!" ಎಂದು ಮುಂದೆ ಹೋಗಲು ಡ್ರೈವರನಿಗೆ ಮರಾಠಿಯಲ್ಲಿ ಕೂಗಿದನಂತೆ.

ಸಾಹೇಬರದು ಹೊಸ ಬೂಟು. ಸ್ಟ್ಯಾಂಡಿನಿಂದ ಸಾಲೆಯವರೆಗೆ ಆ ಹುಡುಗಿಯೇ ದಾರಿ ತೋರಿಸಿ ನಡೆಸಿಕೊಂಡು ಬಂದಳು. ಕುಂಟುತ್ತಾ ವರ್ಗದ ಬಾಗಿಲಿಗೆ ಬಂದವರನ್ನು ಕಂಡು ಮಕ್ಕಳೆಲ್ಲ ಎದ್ದು, "ನಮಸ್ಕಾರ್ರೀ ಸರ್!" ಎಂದರು.

ಸಾಹೇಬರು ಕೈ ಅಡ್ಡ ಹಿಡಿದರು. "ನೀವು ನಿಂದರ್ರಿ. ಮೊದಲ ನಾ ಕುಂದರ್ತೀನಿ."

ನನ್ನ ಕುರ್ಚಿಯಲ್ಲಿ ಕುಸಿದು, ಬೂಟು ಬಿಚ್ಚಿ, ಹಿಮ್ಮಡಿ ಉಜ್ಜುತ್ತಲೇ ಹೇಳಿದರು: "ನಾಳಿಂದ ಬಸ್ಸು ಇಲ್ಲೇ ನಿಂದರ್ತೈತಿ. ಇದು ನನ್ನ ಆರ್ಡರ್."

ಹುಡುಗಿಯ ಹತ್ತನೇ ಇಯತ್ತೆ ಉಳಿಯಿತು. ಅವಳ ಕಣ್ಣು ತುಂಬಿತ್ತು. ಕಂಪ್ಯೂಟರಿನಲ್ಲಿ ಆಗದ ಮಾತುಕತೆ ಈಗ ಶುರುವಾಗುತ್ತದೆ, ಒಂದೆರಡು ಮಾತು ಚೆನ್ನಾಗಿ ಆಡಲಿ ಎಂದು ನಾನು ಸನ್ನೆ ಮಾಡಿದೆ. ಅವಳು ಕಣ್ಣೊರೆಸಿಕೊಂಡು, ಇಡೀ ವರ್ಗದ ಪರವಾಗಿ ಕೇಳಿದಳು:

"ಸರ್, ಈಗ ನಾವು ಕುಂದರಬಹುದೇನ್ರಿ?"