ಹತ್ತನೇ ನಂಬರಿನ ಎಡಗಾಲು

ನಾನು ಜನ್ಮದಲ್ಲಿ ಒಂದು ಸಲವೂ ಫುಟ್‌ಬಾಲ್ ಒದ್ದವನಲ್ಲ. ಚಿಕ್ಕಂದಿನಲ್ಲಿ ಯಾರೋ ಎಳನೀರು ಕುಡಿದು ಎಸೆದ ಬುರುಡೆಯನ್ನು ಒದ್ದಿದ್ದೆ, ಹೆಬ್ಬೆರಳಿನ ಉಗುರು ಕಿತ್ತುಹೋಯಿತು, ಅಲ್ಲಿಗೆ ನನ್ನ ಆಟ ಮುಗಿಯಿತು. ಆದರೆ ಆಟ ಮುಗಿದರೂ ಆಟದ ಹುಚ್ಚು ಮುಗಿಯಬೇಕೆಂದು ಎಲ್ಲಿದೆ? ಮನುಷ್ಯ ತನ್ನ ಕೈಲಾಗುವುದನ್ನು ಮಾಡುತ್ತಾನೆ, ಕೈಲಾಗದ್ದನ್ನು ಪ್ರೀತಿಸುತ್ತಾನೆ. ಯಾವ ತಂಡ ಎಷ್ಟು ಪಂದ್ಯ ಸೋಲದೆ ಬಂದಿದೆ, ಯಾರು ಯಾವ ಕಾಲಿನಲ್ಲಿ ಎಷ್ಟು ಗೋಲು ಹೊಡೆದಿದ್ದಾನೆ ಎಂಬುದನ್ನೆಲ್ಲ ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನಿಜ ಹೇಳಬೇಕೆಂದರೆ ಕಣ್ಣು ಮುಚ್ಚಿಕೊಂಡೇ ಹೇಳುವುದು ನನಗೆ ಹೆಚ್ಚು ಅನುಕೂಲ.

ನನ್ನದು ಹಳದಿ ಅಂಗಿಯ ತಂಡ. ಆ ದೇಶ ಭೂಪಟದಲ್ಲಿ ಎಲ್ಲಿದೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಹಿರಿಯೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ ಹಳೆಯ ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ಹಳದಿ ಅಂಗಿಯವನೊಬ್ಬ ಗಾಳಿಯಲ್ಲಿ ಅಂಗಾತ ಮಲಗಿಕೊಂಡು ಚೆಂಡು ಒದೆಯುತ್ತಿದ್ದ. ಅಷ್ಟು ಆರಾಮಾಗಿ ಮಲಗಿಕೊಂಡು ಕೆಲಸ ಮಾಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಪ್ಪ ಬೇವಿನ ಹಿಂಡಿಯ ಚೀಲ ಹೊತ್ತುಕೊಂಡು ಹೊರಟರೂ ನಾನು ಅಲ್ಲೇ ನಿಂತಿದ್ದೆ. ಈಗಲೂ ಅರ್ಧ ಅಲ್ಲೇ ನಿಂತಿದ್ದೇನೆ ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜಾ.

ಉಳಿದ ಅರ್ಧ ಪಶು ಆಸ್ಪತ್ರೆಯಲ್ಲಿದೆ. ಹಿರಿಯೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹಳ್ಳಿಯ ಹೆಸರು ಬೇಡ, ಮುಂದೆ ಬರುವ ಸಂಗತಿಯಿಂದ ಅಲ್ಲಿನ ಟಗರುಗಳಿಗೆ ಮುಜುಗರವಾದೀತು. ನಾನು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೆ ಇಪ್ಪತ್ತೆರಡು ವರ್ಷದಿಂದ ಕುರಿಗಳ ಗೊರಸು ತೊಳೆದು, ಜಂತಿನ ಔಷಧಿ ಕುಡಿಸಿ, ಸುತ್ತಲಿನ ಕುರಿಗಾರರ ಬಾಯಲ್ಲಿ 'ಡಾಕ್ಟ್ರು' ಆಗಿಬಿಟ್ಟಿದ್ದೇನೆ. ಬೇಡ ಎಂದು ಎರಡು ಸಲ ಹೇಳಿದ್ದೆ. ಮೂರನೇ ಸಲ ಹೇಳಲು ಮನಸ್ಸಾಗಲಿಲ್ಲ.

ಆಸ್ಪತ್ರೆಯ ಎದುರಿಗೆ ಮಂಜಣ್ಣನ ಚಾದಂಗಡಿ. ಮಂಜಣ್ಣ ನೀಲಿ ಅಂಗಿಯ ತಂಡದವನು. ನಮ್ಮಿಬ್ಬರ ವಾದ ಶುರುವಾಗಿ ಎಷ್ಟು ವಿಶ್ವಕಪ್ ಕಳೆದವೋ! ನನ್ನ ಸಿದ್ಧಾಂತ ಫಾರಂ. ಒಂದು ತಂಡ ಈವರೆಗೆ ಹೇಗೆ ಆಡಿಕೊಂಡು ಬಂದಿದೆಯೋ ಮುಂದೆಯೂ ಹಾಗೇ ಆಡುತ್ತದೆ ಎಂದು ನಾನು. ಅದಕ್ಕೊಂದು ನೋಟ್‌ಬುಕ್ ಇಟ್ಟಿದ್ದೇನೆ, ಕೆಂಪು ಶಾಯಿ ಸೋಲಿಗೆ, ಹಸಿರು ಗೆಲುವಿಗೆ. ಮಂಜಣ್ಣನಿಗೆ ನೋಟ್‌ಬುಕ್ ಕಂಡರಾಗದು. "ಫಾರಂ ಗೀರಂ ಎಲ್ಲ ಲೀಗಿನಾಗೆ ಡಾಕ್ಟ್ರೇ. ನಾಕೌಟು ಅಂದ್ರೆ ಸೋತೋನು ಅವತ್ತೇ ಗಂಟುಮೂಟೆ ಕಟ್ಟಬೇಕು. ಅಲ್ಲಿ ಒಂದೇ ಒಂದು ಗೋಲು ಹೊಡಿಯೋ ಗಂಡು ಬೇಕು, ಅಷ್ಟೇಯ" ಎನ್ನುತ್ತಾ ಚಾ ಎತ್ತಿ ಸುರಿಯುತ್ತಾನೆ. ಎಷ್ಟು ಕೋಪವೋ ಅಷ್ಟು ಎತ್ತರದಿಂದ ಸುರಿಯುತ್ತಾನೆ. ನಾವು ಜೋರಾಗಿ ವಾದ ಮಾಡಿದ ದಿನ ಚಾದಲ್ಲಿ ನೊರೆ ಹೆಚ್ಚು.

ಈ ಸಲದ ವಿಶ್ವಕಪ್ಪಿನ ಸೆಮಿಫೈನಲ್ಲಿಗೆ ಹಳದಿಯೂ ನೀಲಿಯೂ ಎದುರುಬದುರಾದವು. ನಮ್ಮವರು ಬಂದ ದಾರಿಯೆಲ್ಲ ಗೋಲಿನ ಸುಗ್ಗಿ. ಅದರಲ್ಲೂ ನಮ್ಮ ಹತ್ತನೇ ನಂಬರಿನವನೊಬ್ಬನೇ ಏಳು ಹೊಡೆದಿದ್ದ. ನೋಟ್‌ಬುಕ್ಕಿನ ಪುಟ ಭತ್ತದ ಗದ್ದೆಯ ಹಾಗೆ ಹಸಿರಾಗಿತ್ತು. ನೀಲಿಯವರೋ ಡ್ರಾ, ಮತ್ತೆ ಡ್ರಾ, ಆಮೇಲೆ ಹೇಗೋ ಪೆನಾಲ್ಟಿಯಲ್ಲಿ ನುಸುಳಿಕೊಂಡು ಬಂದವರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಿಮ್ಮೋರು ಗೆದ್ರೆ ಮುಂದಿನ ವಿಶ್ವಕಪ್ ತನಕ ಈ ಅಂಗಡೀಲಿ ಫುಟ್‌ಬಾಲ್ ಬಗ್ಗೆ ಒಂದು ಮಾತೂ ಆಡಲ್ಲ ಕಣಪ್ಪ" ಎಂದುಬಿಟ್ಟೆ. ಮಂಜಣ್ಣ ಚಾ ಸೌಟು ಕೆಳಗಿಟ್ಟು, "ನಿಮ್ಮೋರು ಗೆದ್ರೆ ನಾನೂ ಆಡಲ್ಲ" ಎಂದ. ಕೈ ಕುಲುಕಿದೆವು. ನಾಲ್ಕು ವರ್ಷದ ಮೌನ! ಬಸ್ಸು ಹತ್ತಿದ ಮೇಲೆ ಆಡಿದ ಮಾತಿನ ಭಾರ ಗೊತ್ತಾಯಿತು. ಸಂಬಳ ನಿಲ್ಲಿಸಿದರೂ ಇಷ್ಟು ಹೆದರುತ್ತಿರಲಿಲ್ಲ. ಮನೆಗೆ ಬಂದು ಷರತ್ತಿನ ಕಥೆಯನ್ನೆಲ್ಲ ಗಿರಿಜಾಗೂ ಹೇಳಿಕೊಂಡೆ.

ಇಲ್ಲಿ ನಮ್ಮ ಅಂಗಡಿಯ ಒಂದು ಕಟ್ಟಳೆ ಹೇಳಬೇಕು. ಪಂದ್ಯ ನಡೆಯುವುದು ನಮ್ಮ ಕಡೆಯ ಜನ ಗೊರಕೆ ಹೊಡೆಯುವ ಹೊತ್ತಿನಲ್ಲಿ. ವಯಸ್ಸಾಯಿತು, ನಿದ್ದೆಗೆಡಲು ಆಗದು. ಹಾಗಾಗಿ ಮಾರನೇ ದಿನ ಮಧ್ಯಾಹ್ನ ಟೀವಿಯಲ್ಲಿ ಮರುಪ್ರಸಾರವಾದಾಗ ನಾವಿಬ್ಬರೂ ಒಟ್ಟಿಗೆ ನೋಡುತ್ತೇವೆ. ಅಲ್ಲಿಯತನಕ ಫಲಿತಾಂಶ ಯಾರೂ ತಿಳಿದುಕೊಳ್ಳಬಾರದು. ಪೇಪರು ಬಿಡಿಸುವ ಹಾಗಿಲ್ಲ, ಫೋನು ಮುಟ್ಟುವ ಹಾಗಿಲ್ಲ. ಮಂಜಣ್ಣ ಆ ಬೆಳಿಗ್ಗೆ ವಡೆ ಕಟ್ಟಿಕೊಡುವ ಪೇಪರನ್ನೂ ವಾರದ ಹಿಂದಿನದೇ ಎಂದು ತಾರೀಕು ನೋಡಿ ಹರಿಯುತ್ತಾನೆ.

ಅವತ್ತು ಬೆಳಿಗ್ಗೆ ನಾನು ಎದ್ದಾಗ ಗಿರಿಜಾ ಆಗಲೇ ಫೋನು ನೋಡಿ ಆಗಿತ್ತು. ಅವಳ ಮುಖದಲ್ಲಿ ಏನೋ ಇತ್ತು. ನಗುವೋ ಮರುಕವೋ ಹೇಳಲಾಗದು. ಇಪ್ಪತ್ತೈದು ವರ್ಷ ಸಂಸಾರ ಮಾಡಿದರೂ ಆ ಮುಖ ನನಗೆ ಇನ್ನೂ ಪೂರ್ತಿ ಓದಲು ಬರುವುದಿಲ್ಲ. ಸಾಲದ್ದಕ್ಕೆ ಒಲೆಯ ಮೇಲೆ ಕಾಯಿ ಹೋಳಿಗೆ! ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಹೋಳಿಗೆ ಯಾಕೆ? "ಏನ್ರೀ, ಇಲ್ ಕೇಳ್ರಿ" ಎಂದು ಅವಳು ಬಾಯಿ ತೆರೆದದ್ದೇ ತಡ, ನಾನು ಎರಡೂ ಕಿವಿಗೆ ಬೆರಳು ತುರುಕಿಕೊಂಡೆ. ಅವಳು ಊಟದ ಡಬ್ಬಿಯ ಮೇಲಿನ ಅಂತಸ್ತು ತೋರಿಸಿ ಏನೋ ಹೇಳಿದಳು, ಕೆಳಗಿನ ಅಂತಸ್ತು ತೋರಿಸಿ ಇನ್ನೇನೋ ಹೇಳಿದಳು. ನಾನು ಅಷ್ಟು ಹೊತ್ತೂ 'ಲಾಲಾಲಾ' ಎಂದು ಹಾಡುತ್ತಾ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಗೇಟು ದಾಟಿದೆ. ಪಕ್ಕದ ಮನೆಯವರು ನೋಡಿದರು. ನೋಡಲಿ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ವೇದಾವತಿಯ ಸೇತುವೆ ದಾಟಿದ ಮೇಲೆ ತೆಂಗಿನ ತೋಟಗಳು ಸಾಲುಸಾಲಾಗಿ ಹಿಂದಕ್ಕೆ ಸರಿಯುತ್ತವೆ; ಎಳೆ ಬಿಸಿಲು ಗರಿಗಳ ಸಂದಿಯಿಂದ ಕಣ್ಣ ಮೇಲೆ ಬಿದ್ದು ಹೋಗುತ್ತಿರುತ್ತದೆ. ಅಲ್ಲಿ ನನಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸುಖ ಬರುತ್ತದೆ. ಅವತ್ತು ತೆಂಗಿನ ಮರಗಳೆಲ್ಲ ಪ್ರೇಕ್ಷಕರಾದವು. ಸಾಲುಗಳ ನಡುವಿನ ಹಸಿರಿನಲ್ಲಿ ಹಳದಿ ಅಂಗಿ ತೊಟ್ಟು ನಾನೇ ಓಡುತ್ತಿದ್ದೆ, ಹೊಟ್ಟೆ ಇರಲಿಲ್ಲ, ಮಂಡಿನೋವು ಇರಲಿಲ್ಲ. ದೂರದಲ್ಲಿ ಗೊಬ್ಬರದ ಅಂಗಡಿಯ ಮುಂದೆ ಅಪ್ಪ ಹಿಂಡಿ ಚೀಲ ಇಳಿಸಿ ನಿಂತು ನನ್ನನ್ನೇ ನೋಡುತ್ತಿದ್ದರು. ಚೆಂಡು ತೇಲಿ ಬಂತು. ಅವರ ಎದುರಿಗೇ ನಾನು ಗಾಳಿಯಲ್ಲಿ ಅಂಗಾತ ಮಲಗಿದೆ. ಆಹಾ! ಒದ್ದೆ.

ಮುಂದಿನ ಸೀಟಿನ ಅಜ್ಜಿ ತೊಡೆಯ ಮೇಲಿನ ಬದನೆಕಾಯಿ ಬುಟ್ಟಿಸಮೇತ ಎಗರಿಬಿದ್ದಳು. "ಯಾಕಪ್ಪ, ಮೈಮ್ಯಾಲೆ ದೇವ್ರು ಬಂತಾ?" ಎಂದು ತಿರುಗಿ ಕೇಳಿದಳು. "ಇಲ್ಲ ಅಜ್ಜಿ, ಗೋಲು ಬಂತು" ಎಂದು ಸೀಟಿನಡಿ ಬಗ್ಗಿ ಬದನೆಕಾಯಿ ಹೆಕ್ಕಿಕೊಟ್ಟೆ.

ಆಸ್ಪತ್ರೆಯಲ್ಲಿ ಮಧ್ಯಾಹ್ನದ ಮೇಲೆ ಅರ್ಧ ದಿನ ರಜೆ ಬರೆದಿಟ್ಟು ಕುಳಿತೆ. ಮೊದಲು ಬಂದವನು ಕುರಿಗಾರ ಕರಿಯಪ್ಪ. ಅರವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಕಂಬಳಿ, ಜೊತೆಗೆ ಕುಂಟುವ ಟಗರು. ಕರಿಯಪ್ಪ ಕುರಿ ಎಣಿಸುವುದಿಲ್ಲ. ಹಿಂಡಿನ ಮೇಲೆ ಒಂದು ಸಲ ಕಣ್ಣಾಡಿಸಿ 'ಬಿಳೀ ಕಿವಿದು ಬಂದಿಲ್ಲ' ಎನ್ನುವ ಜಾತಿ. ನಾನು ಟಗರಿನ ಗೊರಸು ತೊಳೆದು, ಔಷಧಿ ಹಚ್ಚಿ, ಪಟ್ಟಿ ಸುತ್ತತೊಡಗಿದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ತಲೆ ಹೋಳಿಗೆಯ ಗುಟ್ಟು ಬಿಡಿಸುತ್ತಿತ್ತು. ನಮ್ಮವರು ಗೆದ್ದ ಖುಷಿಗೆ ಮಾಡಿದಳೋ, ಸೋತ ಸಮಾಧಾನಕ್ಕೆ ಮಾಡಿದಳೋ? "ಡಾಕ್ಟ್ರೇ, ಒಂದು ಮಾತು..." ಎಂದ ಕರಿಯಪ್ಪ. ಇವನಿಗೂ ಫಲಿತಾಂಶ ಗೊತ್ತಾಗಿರಬೇಕು! "ಏನೂ ಹೇಳಬೇಡ ಕರಿಯಪ್ಪ! ಮಧ್ಯಾಹ್ನ ಆಟ ಮುಗಿಯೋ ತನಕ ಬಾಯಿ ಬಿಡಬೇಡ!" ಎಂದು ಕೈ ಮುಗಿದೆ. ಅವನು ನನ್ನನ್ನೊಮ್ಮೆ, ಟಗರನ್ನೊಮ್ಮೆ ನೋಡಿ, "ಆತು ಬಿಡ್ರಿ, ಕಾಯ್ತೀನಿ" ಎಂದು ಅದನ್ನು ಹೊಂಗೆಮರಕ್ಕೆ ಕಟ್ಟಿ ಕುಳಿತ.

ಹನ್ನೊಂದು ಗಂಟೆಗೆ ನನ್ನಿಂದ ತಡೆಯಲಾಗಲಿಲ್ಲ. ಡಬ್ಬಿ ತೆರೆದೆ. ಮೇಲಿನ ಅಂತಸ್ತಿನಲ್ಲಿ ಎರಡು ಹೋಳಿಗೆ, ಕೆಳಗಿನದರಲ್ಲಿ ಎರಡು, ಕೆಳಗಿನವಕ್ಕೆ ತುಪ್ಪ ಸ್ವಲ್ಪ ಹೆಚ್ಚು. ಮೇಲಿನೆರಡನ್ನು ಗೆದ್ದಿದ್ದೇವೆ ಎಂದುಕೊಂಡು ತಿಂದೆ. ತಿಂದ ಮೇಲೆ ಸಂಶಯ ಬಂತು. ಕೆಳಗಿನೆರಡನ್ನು ಸೋತಿದ್ದೇವೆ ಎಂದುಕೊಂಡು ತಿಂದೆ. ಎರಡು ಸಲವೂ ರುಚಿ ಚೆನ್ನಾಗಿಯೇ ಇತ್ತು.

ಮಧ್ಯಾಹ್ನ ಮಂಜಣ್ಣನ ಅಂಗಡಿಯ ಬಾಗಿಲು ಅರ್ಧ ಎಳೆದು ಟೀವಿ ಹಚ್ಚಿದೆವು. "ಬರ್ರಿ, ಕುಂತ್ಕಳ್ರಿ" ಎಂದು ಕರಿಯಪ್ಪನನ್ನೂ ಮಂಜಣ್ಣ ಒಳಗೆ ಕರೆದ. ಅವನಿಗೆ ಫುಟ್‌ಬಾಲೇ ಗೊತ್ತಿರಲಿಲ್ಲ ಎಂದು ಆಗ ತಿಳಿಯಿತು. "ಬಿಳೇ ಬಲೆಯೊಳಗೆ ಹಾಕಬೇಕಾ? ಇಷ್ಟೇಯಾ?" ಎಂದು ಕೇಳಿ, ಕಂಬಳಿ ಹಾಸಿಕೊಂಡು, ಹಿಂಡು ಮೇಯಲು ಬಿಟ್ಟವನ ಹಾಗೆ ನೋಡತೊಡಗಿದ. ಹತ್ತು ನಿಮಿಷವಾಗಿರಬೇಕು. "ಡಾಕ್ಟ್ರೇ, ಹಳದಿ ಅಂಗೀದು ಹತ್ತನೇ ನಂಬರು ಐತಲ್ಲ, ಅದು ಎಡಗಾಲು ಊರ್ತಾ ಇಲ್ಲ" ಎಂದ.

ನಾನು ನಕ್ಕೆ. "ಅವನು ಏಳು ಗೋಲು ಹೊಡೆದಿದ್ದಾನೆ ಕರಿಯಪ್ಪ. ಅವನ ಫಾರಂ ಗೊತ್ತಾ?" ಎಂದು ನೋಟ್‌ಬುಕ್ ಬಿಡಿಸಿ ಹಸಿರು ಪುಟ ತೋರಿಸಿದೆ. ಅವನು ಪುಟವನ್ನು ಮರ್ಯಾದೆಯಿಂದ ನೋಡಿದ. "ಟಗರು ಹೋದ ವರ್ಸ ಎಷ್ಟು ಗುದ್ದೈತೆ ಅಂತ ನೋಡಬಾರ್ದು ಡಾಕ್ಟ್ರೇ. ಇವತ್ತು ಹೆಂಗೆ ನಿಂತೈತೆ ಅಂತ ನೋಡ್ಬೇಕು. ಅದು ನಿಂತಿರೋದು ಸರಿ ಇಲ್ಲ" ಎಂದ. ಮಂಜಣ್ಣ ಕಿಸಕ್ಕೆಂದ. ತನ್ನ ತಂಡದ ಗೋಲು ಹೊಡೆಯುವ ಗಂಡಿನ ಬಗ್ಗೆಯೂ ಕೇಳಿದ. "ಆ ನೀಲೀದಾ? ಅದು ಮೇದು ಮೇದು ಸಾಕಾಗೈತೆ. ಅದೂ ಗುದ್ದಲ್ಲ" ಎಂದ ಕರಿಯಪ್ಪ. ಮಂಜಣ್ಣನ ನಗು ನಿಂತಿತು.

ಎರಡನೇ ಅರ್ಧದಲ್ಲಿ ನಮ್ಮ ಹತ್ತನೇ ನಂಬರಿನವನು ಹುಲ್ಲಿನ ಮೇಲೆ ಕುಳಿತುಬಿಟ್ಟ. ಎಡಗಾಲು ಹಿಡಿದುಕೊಂಡು. ಇಬ್ಬರು ಹೆಗಲು ಕೊಟ್ಟು ಅವನನ್ನು ಹೊರಗೆ ಕರೆದೊಯ್ದರು. ನನ್ನ ನಲವತ್ತು ವರ್ಷದ ಕ್ಯಾಲೆಂಡರ್ ಗೋಡೆಯಿಂದ ಕಳಚಿಬಿದ್ದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಕೊನೆಯ ಗಳಿಗೆಯಲ್ಲಿ ನೀಲಿಯವರ ಕಡೆ ಯಾವನೋ ಬದಲಿ ಆಟಗಾರ, ಇಡೀ ವಿಶ್ವಕಪ್ಪಿನಲ್ಲಿ ಬೆಂಚು ಕಾಯಿಸಿದವನು, ಮಂಡಿಗೆ ತಗುಲಿದ ಚೆಂಡನ್ನು ಬಲೆಯೊಳಗೆ ಉರುಳಿಸಿದ. ಒಂದೇ ಗೋಲು. ಮುಗಿಯಿತು.

ಮಂಜಣ್ಣ ಕುಣಿಯುತ್ತಾನೆ ಎಂದುಕೊಂಡಿದ್ದೆ. ಕುಣಿಯಲಿಲ್ಲ. ಟೀವಿ ಆರಿಸಿ ಮೂರು ಚಾ ಸುರಿದ, ಎತ್ತದೆ, ಸುಮ್ಮನೆ. ನೊರೆಯೇ ಇರಲಿಲ್ಲ. "ಅಂದ್ರೆ ಡಾಕ್ಟ್ರೇ, ನಾಳೆಯಿಂದ ನೀವು ಮಾತಾಡಂಗಿಲ್ಲ" ಎಂದು ನೆಲ ನೋಡುತ್ತಾ ಹೇಳಿದ. ನಾನು ಏನಾದರೂ ನೆಪ ಹೇಳಲಿ ಎಂದು ಕಾಯುತ್ತಿದ್ದಾನೆ ಎನ್ನಿಸಿತು. ನಾನು ನೋಟ್‌ಬುಕ್ ಬಿಡಿಸಿ ಕೆಂಪು ಶಾಯಿಯಲ್ಲಿ ಒಂದು ಗೀಟು ಎಳೆದೆ.

ಕರಿಯಪ್ಪ ಕಂಬಳಿ ಕೊಡವಿ ಎದ್ದ. "ಆಟ ಮುಗೀತಲ್ಲ ಡಾಕ್ಟ್ರೇ, ಈಗ ಹೇಳ್ಲಾ?" ಎಂದ. ಹೇಳು ಎಂದೆ, ಇನ್ನು ಮುಚ್ಚಿಡುವುದು ಏನುಳಿದಿತ್ತು? "ಏನಿಲ್ಲ, ನನ್ನ ಟಗರು ಕುಂಟೋದು ಎಡಗಾಲು. ನೀವು ಪಟ್ಟಿ ಕಟ್ಟಿದ್ದು ಬಲಗಾಲಿಗೆ. ಬೆಳಿಗ್ಗೆಯೇ ಹೇಳಾಣ ಅಂದ್ರೆ ಕೈ ಮುಗಿದ್ರಿ. ಈಗ ಎಡಗಾಲಿಗೂ ಕಟ್ಟಿಬಿಟ್ರೆ ಊರಿಗೆ ಹೋಗ್ತೀನಿ."

ಹೊಂಗೆಮರದ ಕೆಳಗೆ ಟಗರು ಬಲಗಾಲಿನ ಬಿಳಿ ಪಟ್ಟಿ ಮುಂದಿಟ್ಟುಕೊಂಡು, ಎಡಗಾಲು ಎತ್ತಿಕೊಂಡು, ನನ್ನನ್ನೇ ನೋಡುತ್ತಾ ನಿಂತಿತ್ತು. ಇಪ್ಪತ್ತೆರಡು ವರ್ಷದ ನನ್ನ ಫಾರಂ! ನಾನು ಅದರ ಕಾಲಬುಡದಲ್ಲಿ ಕುಳಿತು, ಈ ಸಲ ಎರಡು ಬಾರಿ ಮುಟ್ಟಿ ನೋಡಿ, ಗೊರಸಿನ ಸಂದಿಯ ಮುಳ್ಳು ತೆಗೆದೆ. ಮಂಜಣ್ಣ ಬಾಗಿಲಲ್ಲಿ ನಿಂತು ನೋಡಿದ. ಪುಣ್ಯಾತ್ಮ, ನಗಲಿಲ್ಲ.

ಸಂಜೆ ಮನೆಗೆ ಬಂದರೆ ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. "ಮಂಜಣ್ಣ ಏನಂದ? ಒಪ್ಪಿದ್ನಾ?"

"ಏನಕ್ಕೆ ಒಪ್ಪಬೇಕು?"

"ಅಯ್ಯೋ, ಕೆಳಗಿನ ಡಬ್ಬೀದು ಹೋಳಿಗೆ ಕೊಟ್ರೋ ಇಲ್ವೋ? ಅಡಿಗೆಮನೆಯಿಂದ ಗೇಟಿನ ತನಕ ಬಡ್ಕೊಂಡು ಬಂದೆನಲ್ರೀ! ಮೇಲಿನ ಎರಡು ನಿಮಗೆ, ಕೆಳಗಿನ ಎರಡು ಮಂಜಣ್ಣಂಗೆ. ತುಪ್ಪ ಜಾಸ್ತಿ ಹಾಕೀನಿ, ನಮ್ಮನೇವ್ರ ಷರತ್ತು ಬಿಟ್ಬಿಡಪ್ಪ ಅಂತ ಗಿರಿಜಕ್ಕ ಕೇಳ್ಯಾಳೆ ಅಂತ ಹೇಳ್ರಿ ಅಂದೆ. ಅವನು ಪಾಪ, ಒಂದು ಹೋಳಿಗೆಗೇ ಒಪ್ತಿದ್ದ."

ನಾನು ಖಾಲಿ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಅವಳು ಅದನ್ನು ಕಿತ್ತುಕೊಂಡು, ತೆರೆದು, ಕೆಳಗಿನ ಅಂತಸ್ತು ನೋಡಿದಳು. "ನಾಲ್ಕು ವರ್ಷ ಅಲ್ಲಿ ಬಾಯಿ ಮುಚ್ಕೊಂಡ್ರೆ ಆ ಮಾತೆಲ್ಲ ಎಲ್ಲಿಗೆ ಬರುತ್ತೆ ಹೇಳ್ರಿ? ಇಲ್ಲಿಗೇ ತಾನೆ?" ಎಂದಳು. ಅವಳ ದನಿಯಲ್ಲಿ ನಿಜವಾದ ಭಯವಿತ್ತು.

ನನಗೆ ಪಾಪ ಎನ್ನಿಸಿತು. ಸಮಾಧಾನ ಮಾಡೋಣವೆಂದು ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡೆ. ಬಿಸಿಲು ಇಳಿದಿತ್ತು, ತೆಂಗಿನ ಗರಿ ಮೆಲ್ಲಗೆ ಆಡುತ್ತಿತ್ತು, ಅಂಥ ಹೊತ್ತಿನಲ್ಲಿ ಮನಸ್ಸು ತಾನಾಗಿಯೇ ತೇಲುತ್ತದೆ. "ನೋಡು ಗಿರಿಜಾ, ನಮ್ಮೋರ ಫಾರಮ್ಮಿನಲ್ಲಿ ತಪ್ಪೇನೂ ಇರಲಿಲ್ಲ. ಅಸಲಿಗೆ ಆ ಹತ್ತನೇ ನಂಬರಿನ ಎಡಗಾಲು..." ಎಂದು ಶುರುಮಾಡಿ ಪಕ್ಕಕ್ಕೆ ತಿರುಗಿದೆ.

ಅವಳು ಎರಡೂ ಕಿವಿಗೆ ಬೆರಳು ತುರುಕಿಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ 'ಲಾಲಾಲಾ' ಎಂದು ಹಾಡುತ್ತಿದ್ದಳು.