ಎಂಟು ಮೊಟ್ಟೆ, ಒಂದು ಬೋಳುತಲೆ

ಬಲ್ಬು ಕಾರ್ಖಾನೆಯಲ್ಲಿ ತಪಾಸಣೆಗಾರರಾಗಿದ್ದ ಅವರನ್ನು ಹೆಂಡತಿಯ ತವರಿನವರೆಲ್ಲ ಬೆನ್ನ ಹಿಂದೆ ‘ಶೇಕಡಾರಾಯರು’ ಎನ್ನುತ್ತಿದ್ದರು. ಹೆಂಡತಿ ಎದುರಿಗೇ ಅನ್ನುತ್ತಿದ್ದಳು. ಪೆಟ್ಟಿಗೆಯಿಂದ ಕಣ್ಣುಮುಚ್ಚಿ ಒಂದೆರಡು ಬಲ್ಬು ಎತ್ತಿ, ಹೊತ್ತಿಸಿ ನೋಡಿ, ಇಡೀ ಪೆಟ್ಟಿಗೆಯ ಹಣೆಬರಹ ಹೇಳುವುದು ಅವರ ಉದ್ಯೋಗ. ಆ ಮಹಾವಿದ್ಯೆಯನ್ನು ಮನೆಗೂ ತಂದಿದ್ದರು. ಒಂದು ಕಾಲುಚೀಲ ಮೂಸಿ, ಉಳಿದವೆಲ್ಲ ಶುಭ್ರವಾಗಿವೆಯೆಂದು ಘೋಷಿಸುವವರು (ಮೂಸಿದ ಮೂಗಿನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ).

ಆ ಭಾನುವಾರ ಸಂಜೆ ಕಾರ್ಖಾನೆಯ ದೊಡ್ಡ ಸಾಹೇಬರು ಚಹಕ್ಕೆ ಬರುವವರಿದ್ದರು. ರಾಯರ ಬಡ್ತಿ ಅವರ ಕೈಯಲ್ಲಿತ್ತು. ಸಾಹೇಬರಿಗೆ ಬೇಯಿಸಿದ ಮೊಟ್ಟೆಯೆಂದರೆ ಪ್ರಾಣ ಎಂದು ತಿಳಿದು ಹೆಂಡತಿ ಆರು ಮೊಟ್ಟೆ ಬೇಯಿಸಿ, ಆರಲು ಇಟ್ಟು ಹೂದಾನಿ ಒರೆಸಲು ಹೋದಳು. ಬರುವಷ್ಟರಲ್ಲಿ ರಾಯರು ಅಡುಗೆಮನೆಯನ್ನು ಉದ್ಧಾರ ಮಾಡಿದ್ದರು. ಪಕ್ಕದಲ್ಲಿದ್ದ ಎರಡು ಹಸಿ ಮೊಟ್ಟೆಗಳನ್ನೂ ಸೇರಿಸಿ ಎಂಟನ್ನೂ ಒಂದೇ ಗಾಜಿನ ಬಟ್ಟಲಲ್ಲಿ ಅಂದವಾಗಿ ಜೋಡಿಸಿದ್ದರು.

“ರೀ, ಇದ್ರಲ್ಲಿ ಬೆಂದಿದ್ದು ಯಾವುದು, ಹಸಿ ಯಾವುದು?”

“ಎಲ್ಲಾ ಒಂದೇ ಥರ ಇವೆಯಲ್ಲೇ.”

“ಅದೇ ತೊಂದರೆ! ಮದುವೆ ದಿನ ನೀವೂ ಮನುಷ್ಯರ ಥರಾನೇ ಕಾಣ್ತಿದ್ರಿ.”

“ಗಾಬರಿ ಯಾಕೆ? ಎಂಟರಲ್ಲಿ ಆರು ಬೆಂದಿವೆ. ಕಣ್ಣುಮುಚ್ಚಿ ಎತ್ತಿದ್ರೂ ಬೆಂದಿದ್ದೇ ಸಿಗೋ ಸಂಭವ ನೂರಕ್ಕೆ ಎಪ್ಪತ್ತೈದು. ನನ್ನ ಜೀವಮಾನದಲ್ಲಿ ಯಾವ ಪರೀಕ್ಷೇಲೂ ನಾನು ಅಷ್ಟು ತೆಗೆದಿಲ್ಲ.”

“ಉಳಿದ ಇಪ್ಪತ್ತೈದು ಅವರ ಅಂಗಿ ಮೇಲೆ ಸುರಿದ್ರೆ?”

“ಸುರಿಯಲ್ಲ. ಅವರೆದುರು ಮೊಟ್ಟೆ ಅಂತ ಬಾಯಿ ಬಿಟ್ಟೀಯ, ಜೋಕೆ!” ಎಂದು ಎಚ್ಚರಿಸಿ ರಾಯರು ಸ್ನಾನಕ್ಕೆ ಹೋದರು.

ಸಾಹೇಬರು ಬಂದರು. ಬಿಳಿ ಅಂಗಿ, ಗುಡಾಣದಂಥ ಹೊಟ್ಟೆ, ಕಾರ್ಖಾನೆಯ ನೂರು ವಾಟಿನ ಸರಕಿನಂತೆ ಥಳಥಳಿಸುವ ಬೋಳುತಲೆ. ಬಟ್ಟಲು ಕಂಡದ್ದೇ ಒಂದು ಮೊಟ್ಟೆ ಎತ್ತಿ, ತಟ್ಟೆಯ ಅಂಚಿಗಲ್ಲ, ಚಮಚಕ್ಕಲ್ಲ, ನೇರ ತಮ್ಮ ಬೋಳಿಗೇ ಟಕ್ಕೆಂದು ಬಡಿದುಕೊಂಡರು!

“ಚಿಕ್ಕಂದಿನ ಅಭ್ಯಾಸ,” ಎಂದು ನಕ್ಕರು.

ಬೆಂದಿತ್ತು. ರಾಯರ ಹೋದ ಜೀವ ಬಂತು. ಬಂದದ್ದು ನಿಲ್ಲಲಿಲ್ಲ. ಒಂದು ಬೆಂದದ್ದು ಖರ್ಚಾಯಿತು ಎಂದರೆ ಉಳಿದ ಏಳರಲ್ಲಿ ಬೆಂದವು ಐದೇ! ಎಪ್ಪತ್ತೈದು ಎಪ್ಪತ್ತೊಂದಕ್ಕೆ ಇಳಿಯಿತು. ಹೆಂಡತಿ ಯಾವ ಲೆಕ್ಕವೂ ಇಲ್ಲದೆ ಒಂದು ಸುಲಿದು ತಿಂದಳು. ಆರರಲ್ಲಿ ನಾಲ್ಕು. ಅನುಮಾನ ಬಾರದಿರಲೆಂದು ರಾಯರೂ ಒಂದನ್ನು ಒಡೆದರು. ಐದರಲ್ಲಿ ಮೂರು. ಸಾಹೇಬರು ಮತ್ತೆ ಟಕ್. ಬೆಂದಿತ್ತು. ಈಗ ಸರಿಸಮ, ಎರಡು ಬೆಂದವು, ಎರಡು ಹಸಿ.

“ರೀ, ಆ ಮೊಟ್ಟೆ...” ಎಂದಳು ಹೆಂಡತಿ. ರಾಯರು ಮೇಜಿನ ಕೆಳಗೆ ಅವಳ ಕಾಲು ತುಳಿದರು.

ಟಕ್. ಬೆಂದಿತ್ತು. ಉಳಿದ ಮೂರರಲ್ಲಿ ಎರಡು ಹಸಿ! ಹೆಂಡತಿ ಮತ್ತೆ ಬಾಯಿ ತೆರೆದಳು. ರಾಯರು ಮತ್ತೆ ತುಳಿದರು, ಈ ಸಲ ಹಿಮ್ಮಡಿಯಿಂದ. ಸಾಹೇಬರು ಟಕ್ ಎನಿಸಿದರು. ಅದೂ ಬೆಂದಿತ್ತು! ರಾಯರಿಗೆ ಕುಣಿದಾಡುವಷ್ಟು ಸಂತೋಷವಾಯಿತು. ಆದರೆ ಸಾಹೇಬರ ಕೈ ಬಟ್ಟಲಿಗೆ ಹೋಯಿತು. ಏಳನೆಯದು ಬೋಳಿನತ್ತ ಏರುತ್ತಿದ್ದಂತೆ ರಾಯರು ಮೇಜಿನ ಮೇಲೆ ಹಾರಿ ಅದನ್ನು ಕಿತ್ತುಕೊಂಡರು.

“ಬೇಡಿ ಸಾರ್! ಇದು ನೂರಕ್ಕೆ ನೂರು ಹಸಿ!”

“ಒಡೆಯದೇ ಹೇಗ್ರೀ ಹೇಳ್ತೀರಿ?”

ಯಾರಾದರೂ ‘ಹೇಗೆ’ ಎಂದು ಕೇಳಿದರೆ ರಾಯರಿಗೆ ಮೈಮರೆವು. ಎಪ್ಪತ್ತೈದರಿಂದ ಸೊನ್ನೆಯವರೆಗೆ ಇಳಿದ ಲೆಕ್ಕವನ್ನೆಲ್ಲ ಚಮಚದಿಂದ ಮೇಜು ಕುಟ್ಟಿ ಕುಟ್ಟಿ ವಿವರಿಸಿದರು. ಸಾಹೇಬರು ಸಾವಧಾನವಾಗಿ ಕೇಳಿದರು.

“ಅಂದ್ರೆ, ನಾನು ಕಳೆದ ಸಲ ಎತ್ತಿದಾಗ ಮೂರರಲ್ಲಿ ಎರಡು ಹಸಿ ಅಂತ ನಿಮಗೆ ಗೊತ್ತಿತ್ತು?”

“ಹೌದು ಸಾರ್! ಕರಾರುವಾಕ್ಕಾಗಿ!”

“ಗೊತ್ತಿದ್ದೂ ನನ್ನ ತಲೆ ಮೇಲೆ ಒಡ್ಕೊಳ್ಳೋಕೆ ಬಿಟ್ರಿ?”

ರಾಯರ ಚಮಚ ಗಾಳಿಯಲ್ಲೇ ನಿಂತಿತು. ತಮ್ಮ ಲೆಕ್ಕವಾದರೂ ಸತ್ಯವೆಂದು ತೋರಿಸಿ ಮಾನ ಉಳಿಸಿಕೊಳ್ಳಲು ಆ ಮೊಟ್ಟೆಯನ್ನು ತಮ್ಮ ನೆತ್ತಿಗೇ ಬಲವಾಗಿ ಕುಟ್ಟಿಕೊಂಡರು. ಟಕ್. ಗಟ್ಟಿಯಾಗಿ ಬೆಂದಿತ್ತು.

“ನೀವು ಸ್ನಾನಕ್ಕೆ ಹೋದಾಗ ಎಂಟನ್ನೂ ಇನ್ನೊಂದ್ಸಲ ಕುದಿಸಿಬಿಟ್ಟೆ,” ಎಂದಳು ಹೆಂಡತಿ, ಪಾದ ನೀವಿಕೊಳ್ಳುತ್ತ. “ಹೇಳೋಕೆ ಬಂದ್ರೆ ಎರಡೆರಡು ಸಲ ತುಳಿದ್ರಿ.”

ಸಾಹೇಬರು ಕೈ ಒರೆಸಿಕೊಂಡು ಎದ್ದರು. “ಚಹ ಚೆನ್ನಾಗಿತ್ತಮ್ಮ,” ಎಂದು ಅವಳಿಗೆ ಹೇಳಿ, ಬಾಗಿಲಲ್ಲಿ ರಾಯರ ಕಡೆ ತಿರುಗಿದರು. “ಈ ಬಡ್ತಿಗೆ ನಿಮ್ಮನ್ನೂ ಸೇರಿಸಿ ಐದು ಜನ ಇದ್ರು. ಎಲ್ಲರೂ ಒಂದೇ ಯೋಗ್ಯತೆಯವರು, ಚೀಟಿ ಎತ್ತೋಣ ಅಂತಿದ್ದೆ. ತಲೆಗೆ ಐದರಲ್ಲಿ ಒಂದು ಅವಕಾಶ ಇತ್ತು. ಈಗ ನಾಲ್ಕರಲ್ಲಿ ಒಂದಾಯ್ತು.”

“ಹೆಚ್ಚಾಯ್ತಲ್ಲ ಸಾರ್!” ಎಂದು ರಾಯರು ಹಿಗ್ಗಿದರು.

“ಹೌದು,” ಎಂದರು ಸಾಹೇಬರು, ಚಪ್ಪಲಿ ಮೆಟ್ಟುತ್ತ. “ಉಳಿದ ನಾಲ್ವರಿಗೆ.”