ಎಡಕ್ಕೆ ತಿರುಗಿಸಿದರೆ ಹಳದಿ, ಬಲಕ್ಕೆ ಬಿಳಿ

ಜನರ ಒಳ್ಳೆಯದಕ್ಕೆಂದು ಒಂದು ವಸ್ತು ಮಾಡಲು ಹೊರಟವನ ಮರ್ಯಾದೆ ಒಂದೇ ಸಲ ಹೋಗುವುದಿಲ್ಲ, ಕಂತುಕಂತಾಗಿ ಹೋಗ್ತದೆ. ನನ್ನದು ಇನ್ನೂ ಹೋಗ್ತಾ ಉಂಟು.

ಕಾಟಿಪಳ್ಳದ ಹತ್ತಿರ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಡಿಸೈನ್ ನೋಡಿಕೊಳ್ಳುವವನು. ಟೆಂಟ್ ಹಾಕಿ ಮಲಗುವವರಿಗೆ ಬೇಕಾದ, ಚಾರ್ಜ್ ಮಾಡುವ ಲ್ಯಾಂಟರ್ನ್ ನಾವು ಮಾಡುವುದು. ಅದಕ್ಕೆ ಒಂದು ನಾಬ್ ಇಟ್ಟದ್ದು ನಾನು. ಎಡಕ್ಕೆ ತಿರುಗಿಸಿದರೆ ಬೆಳಕು ಹಳದಿ, ಬಲಕ್ಕೆ ತಿರುಗಿಸಿದರೆ ಬಿಳಿ. ಗಲ್ಫಿನಲ್ಲಿ ಹನ್ನೊಂದು ವರ್ಷ ಸೈಟ್ ಕ್ಯಾಂಪಿನ ಟ್ಯೂಬ್‌ಲೈಟಿನ ಅಡಿಯಲ್ಲಿ ಮಲಗಿದವನು ನಾನು. ಆ ಬಿಳಿ ಬೆಳಕು ಕಂಡರೆ ನನಗೆ ಈಗಲೂ ಆಗುವುದಿಲ್ಲ. ಮನೆಯ ಹಾಗೆ ಕಾಣುವ ಒಂದು ದೀಪ ಮಾಡಬೇಕೆಂದು ಆಗಲೇ ಹಠ ಹಿಡಿದದ್ದು. ಎರಡು ವರ್ಷ ಆ ನಾಬಿಗೇ ಸುರಿದಿದ್ದೇನೆ. ಸಿಕ್ಕಿದ್ದು ಎಂತ, ಕೇಳಿ.

ಬಂಗುಡೆ

ಮೊದಲ ಸ್ಯಾಂಪಲನ್ನು ಕಾವೂರಿನಲ್ಲಿ ಸಂಜೆ ಮೀನು ಮಾರುವ ಹೆಂಗಸಿಗೆ ಕೊಟ್ಟೆ, ಉಪಯೋಗಿಸಿ ನೋಡಲಿ ಎಂದು. ವಾರ ಬಿಟ್ಟು ಹೋದರೆ ನಾಬ್ ಬಲದ ತುದಿಯಲ್ಲಿ ಉಂಟು, ಅದರ ಮೇಲೆ ನಾಲ್ಕು ಸುತ್ತು ಟೇಪ್.

"ಇದೆಂತದು ಅಕ್ಕ?"

"ಹಳದಿಯಲ್ಲಿ ಇವತ್ತಿನ ಬಂಗುಡೆ ಮೊನ್ನೆಯದ್ದರ ಹಾಗೆ ಕಾಣ್ತದೆ ಅಣ್ಣ. ಬಿಳಿಯಲ್ಲಿ ಮೊನ್ನೆಯದ್ದೂ ಇವತ್ತಿನದ್ದರ ಹಾಗೆ ಕಾಣ್ತದೆ. ಭಾರೀ ಒಳ್ಳೆ ಲೈಟ್."

ರಿಪೋರ್ಟಿನಲ್ಲಿ 'ಗ್ರಾಹಕರಿಗೆ ತೃಪ್ತಿ' ಎಂದು ಬರೆದೆ. ಬೇರೆ ಎಂತ ಬರೆಯುವುದು? ನನ್ನ ಹೆಂಡತಿ ಅತ್ತಾವರದಲ್ಲಿ ನರ್ಸ್. ಅದೇ ವಾರ ಡ್ಯೂಟಿ ಮುಗಿಸಿ ಬರುವಾಗ ಬಂಗುಡೆ ತಂದಳು. ಕೊಯ್ಯಲು ಕೂತಾಗ ವಾಸನೆಗೆ ಅಡುಗೆಮನೆಯಲ್ಲಿ ನಿಲ್ಲಲಿಕ್ಕೆ ಆಗಲಿಲ್ಲ.

"ನೋಡಿ ತೆಕ್ಕೊಳ್ಳಬೇಕಲ್ವಾ?" ಎಂದು ರೇಗಿದೆ.

"ನೋಡಿಯೇ ತೆಕ್ಕೊಂಡದ್ದು," ಎಂದಳು. "ನಿಮ್ಮ ಲೈಟಿನಲ್ಲಿ."

ಕಾಮಾಲೆ

ಗಾಳಿಗೆ ಕಂಬ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಪಕ್ಕದ ಮನೆಯ ರಿಟೈರ್ಡ್ ಮಾಸ್ಟ್ರಿಗೆ ಸಣ್ಣ ಜ್ವರ. ಪಾಪ ಎಂದು ನಾನೇ ಲ್ಯಾಂಟರ್ನ್ ಕೊಂಡುಹೋಗಿ, ಎಡಕ್ಕೆ ತಿರುಗಿಸಿ, "ಇದರಲ್ಲಿ ಒಳ್ಳೆ ನಿದ್ರೆ ಬರ್ತದೆ ಮಾಸ್ಟ್ರೇ" ಎಂದು ಇಟ್ಟು ಬಂದೆ. ಕಿಟಕಿ ಮುಚ್ಚಿದ ಕೋಣೆ, ಹಗಲೂ ಅದೇ ಬೆಳಕು.

ಮರುದಿನ ಅವರ ಹೆಂಡತಿ ಮುಖ ನೋಡಿದರು, ಹಳದಿ. ಅಂಗೈ ನೋಡಿದರು, ಅದೂ ಹಳದಿ. ನಾಟಿ ಮದ್ದಿನವರು ಬಂದು ಅದೇ ದೀಪ ಹಿಡಿದು ಕಣ್ಣು ಬಿಡಿಸಿ ನೋಡಿ, ಕಾಮಾಲೆ ಎಂದರು. ಅವರ ಮದ್ದು, ಉಪ್ಪಿಲ್ಲದ ಗಂಜಿ ಶುರು. ನನ್ನ ಹೆಂಡತಿ ಹೋಗಿ, "ಆ ನಾಬನ್ನು ಬಲಕ್ಕೆ ತಿರುಗಿಸಿ ಒಮ್ಮೆ ನೋಡಿ" ಎಂದದ್ದಕ್ಕೆ, "ಆಸ್ಪತ್ರೆಯವರಿಗೆ ಇದೆಲ್ಲ ಗೊತ್ತಾಗುವುದಿಲ್ಲ" ಎಂಬ ಉತ್ತರ ಬಂತು.

ಮೂರನೇ ದಿನ ಸಂಜೆ ಕರೆಂಟ್ ಬಂತು. ಟ್ಯೂಬ್‌ಲೈಟ್ ಹೊತ್ತಿದ್ದೇ ಮಾಸ್ಟ್ರ ಕಾಮಾಲೆ ಇಳಿಯಿತು. ಈಗ ಆ ಮದ್ದಿಗೆ ಜನ ಟೋಕನ್ ತೆಗೊಂಡು ನಿಲ್ತಾರೆ. ನನ್ನ ಲ್ಯಾಂಟರ್ನ್ ಕೇಳಿದವರು ಒಬ್ಬರೂ ಇಲ್ಲ.

ರಿಜೆಕ್ಟ್ ಪೆಟ್ಟಿಗೆ

ಒಂದು ದಿನ ಫ್ಯಾಕ್ಟರಿಗೆ ಹೋಗಿ ನೋಡಿದರೆ ಇಡೀ ಲಾಟ್ ರಿಜೆಕ್ಟ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಟೆಸ್ಟಿಂಗಿಗೆ ಕೂರುವ ಹೆಂಗಸನ್ನು ಕೇಳಿದೆ.

"ಬೆಳಕು ಹಳದಿ ಆಯ್ತು ಅಂದರೆ ಬ್ಯಾಟರಿ ಹೋಯ್ತು ಅಂತ ಅಲ್ವಾ ಸಾರ್?"

ಅಷ್ಟರಲ್ಲಿ ನಮ್ಮ ಧಣಿ ಬಂದರು. ಅಜ್ಜನ ಕಾಲದಿಂದ ಬಂದರಿನಲ್ಲಿ ವ್ಯಾಪಾರ ಮಾಡಿದ ಮನೆಯವರು, ಜನರ ಮುಖ ನೋಡಿಯೇ ಏನು ಬೇಕೆಂದು ಹೇಳ್ತಾರೆ. "ನೋಡಿ ಇಂಜಿನಿಯರೇ, ನಮ್ಮವರಿಗೇ ಇದು ರಿಪೇರಿ ಮಾಲಿನ ಹಾಗೆ ಕಾಣ್ತದೆ. ಜನರಿಗೆ ಬಿಳಿ ಸಾಕು. ನಾಬ್ ತೆಗೆಯುವ."

"ನಾಬ್ ಹೋದರೆ ನಾನೂ ಹೋಗ್ತೇನೆ," ಎಂದುಬಿಟ್ಟೆ. ಈ ಪ್ರಾಯದಲ್ಲಿ ಬೇರೆ ಕೆಲಸ ಯಾರು ಕೊಡ್ತಾರೆ ಎಂದು ನೆನಪಾದದ್ದು ಹೇಳಿ ಆದ ಮೇಲೆ.

ಧಣಿ ಗಡ್ಡ ನೀವಿಕೊಂಡರು. "ಆಯ್ತು ಮಾರಾಯ್ರೆ, ನಾಬ್ ಇರಲಿ."

ಗೆದ್ದೆ ಎಂದು ಪೇಟೆಗೆ ಹೋಗಿ ಒಬ್ಬನೇ ಕೂತು ಎರಡು ಐಸ್‌ಕ್ರೀಮ್ ತಿಂದೆ. ಗೆದ್ದವರ ಹೊಟ್ಟೆ ಮರುದಿನ ಪೂರ್ತಿ ಸರಿ ಇರಲಿಲ್ಲ.

ವಸ್ತುಪ್ರದರ್ಶನ

ಕಳೆದ ತಿಂಗಳು ಒಂದು ವಸ್ತುಪ್ರದರ್ಶನದಲ್ಲಿ ನಮ್ಮ ಸ್ಟಾಲ್ ಇತ್ತು. ಮೇಲೆ ಕಣ್ಣು ಕುಕ್ಕುವಷ್ಟು ಲೈಟ್. ಬೀಚಿನ ಹತ್ತಿರ ಟೆಂಟ್ ಬಾಡಿಗೆಗೆ ಕೊಡುವ ಗಂಡಹೆಂಡತಿ ಬಂದರು. ಹೊಸ ಲಾಟಿನ ಪೆಟ್ಟಿಗೆಯನ್ನು ಅವರ ಎದುರೇ ಒಡೆದು ಒಂದು ಲ್ಯಾಂಟರ್ನ್ ಹೊತ್ತಿಸಿದೆ.

"ಇದು ಬಿಳಿ. ಈಗ ಎಡಕ್ಕೆ ತಿರುಗಿಸ್ತೇನೆ. ಹಳದಿ ನಿಧಾನ ಇಳಿದು ಬರ್ತಾ ಉಂಟು, ಗೊತ್ತಾಗ್ತದಾ?"

"ಹೌದು ಹೌದು," ಎಂದರು ಆಕೆ. "ಕಣ್ಣಿಗೆ ತಂಪಾಯ್ತು."

"ಈಗ ಮನೆಯೊಳಗೆ ಕೂತ ಹಾಗೆ ಉಂಟು," ಎಂದರು ಗಂಡ.

ಎರಡು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ಹಳದಿಯನ್ನು ಹೊಗಳಿದ್ದು. ಬಿಳಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಎಂದು ಇನ್ನೂ ಕಾಲು ಗಂಟೆ ವಿವರಿಸಿದೆ. ಎಲ್ಲ ಟೆಂಟಿಗೂ ಬೇಕು ಎಂದು ಆರ್ಡರ್ ಕೊಟ್ಟು ಹೋದರು. ನಾನು ಎದೆ ಉಬ್ಬಿಸಿ ಧಣಿಯ ಕಡೆ ತಿರುಗಿದೆ. ಅವರು ನೆಲ ನೋಡ್ತಿದ್ದರು.

"ಬೇಜಾರು ಮಾಡಬೇಡಿ ಇಂಜಿನಿಯರೇ. ಈ ಲಾಟಿಗೆ ಹಳದಿ ಬಲ್ಬೇ ಹಾಕಿಸಲಿಲ್ಲ. ನಾಬ್ ಸುಮ್ಮನೆ ತಿರುಗ್ತದೆ ಅಷ್ಟೆ."

ಎಡಕ್ಕೆ ತಿರುಗಿಸಿದೆ. ಬಲಕ್ಕೆ ತಿರುಗಿಸಿದೆ. ಮತ್ತೆ ಎಡಕ್ಕೆ.

"ಗಿರಾಕಿಗಳದ್ದು ನನಗೆ ಚಿಂತೆ ಇರಲಿಲ್ಲ," ಎಂದರು ಧಣಿ. "ಒಬ್ಬ ನೀವು ಕಂಡುಹಿಡೀತೀರಿ ಅಂತಲೇ ಇಷ್ಟು ದಿನ ಹೆದರಿಕೊಂಡಿದ್ದದ್ದು."